ಅರಿಶಿನ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತೆ, ಸರಿ. ಎಷ್ಟು ಅರಿಶಿನ?

2024ರ ನವೆಂಬರ್‌ನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಅಮೃತಸರದಲ್ಲಿ ಪತ್ರಿಕಾಗೋಷ್ಠಿ ಕರೆದರು. ಹೆಂಡತಿಗೆ ನಾಲ್ಕನೇ ಹಂತದ ಸ್ತನ ಕ್ಯಾನ್ಸರ್ ಇತ್ತು, ಈಗ ಗುಣವಾಗಿದೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲರೂ ಖುಷಿಪಟ್ಟು ಸುಮ್ಮನಾಗುತ್ತಿದ್ದರು. ಆದರೆ ಬೇವಿನೆಲೆ, ಹಸಿ ಅರಿಶಿನ, ನಿಂಬೆನೀರು, ಸಕ್ಕರೆ ಮತ್ತು ಹಾಲು ಬಿಟ್ಟ ಊಟ, ಇವು ಹೇಗೆ ಕೆಲಸ ಮಾಡಿದವು ಅಂತ ವಿವರಿಸತೊಡಗಿದರು. ವಿಡಿಯೊ ಊರೂರು ಸುತ್ತಿತು. ಒಂದೆರಡು ದಿನಕ್ಕೇ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಹಾಲಿ ಮತ್ತು ಮಾಜಿ ಕ್ಯಾನ್ಸರ್ ತಜ್ಞರು, ಒಟ್ಟು 262 ಜನ, ಸಹಿ ಹಾಕಿ ಹೇಳಿಕೆ ಕೊಟ್ಟರು. ಅರಿಶಿನ, ಬೇವಿನಿಂದ ಕ್ಯಾನ್ಸರ್ ಗುಣವಾಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ, ಆಕೆಗೆ ಆಪರೇಷನ್ನೂ ಆಗಿದೆ, ಕೀಮೋನೂ ಆಗಿದೆ, ಗುಣವಾಗಿದ್ದು ಅದರಿಂದ ಎಂದರು. ಡಾಕ್ಟರ ಸಲಹೆ ಪ್ರಕಾರವೇ ಚಿಕಿತ್ಸೆ ನಡೆದಿತ್ತು ಅಂತ ಸಿಧು ಕೂಡ ಆಮೇಲೆ ಸ್ಪಷ್ಟನೆ ಕೊಟ್ಟರು. ಮೊದಲ ವಿಡಿಯೊ ನೋಡಿದವರಲ್ಲಿ ಎಷ್ಟು ಜನ ಆ ಸ್ಪಷ್ಟನೆ ನೋಡಿದರೋ!

ಇದು ಸುಮ್ನೆ ಹೊತ್ತು ಹೋಗದವರ ಚರ್ಚೆ ಅಲ್ಲ. ನಮ್ಮ ದೇಶದ ಹೆಂಗಸರಲ್ಲಿ ಅತಿ ಜಾಸ್ತಿ ಕಾಣಿಸೋದು ಸ್ತನ ಕ್ಯಾನ್ಸರೇ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಹೊಸ ರೋಗಿಗಳು, 98 ಸಾವಿರ ಸಾವು. ಇಷ್ಟು ಮನೆಗಳಲ್ಲಿ ಯಾರಾದರೊಬ್ಬರು ಬಂದು "ಈ ಕಷಾಯ ಕುಡಿಸಿ ನೋಡಿ, ಇದಕ್ಕೆ ಸೈಂಟಿಫಿಕ್ ಪ್ರೂಫ್ ಇದೆ" ಅಂದೇ ಅಂದಿರುತ್ತಾರೆ.

ತಮಾಷೆ ಏನು ಗೊತ್ತಾ? ಪ್ರೂಫ್ ಇದೆ ಅನ್ನೋದು ಪೂರ್ತಿ ಸುಳ್ಳಲ್ಲ. ಅರಿಶಿನದ ಕರ್ಕ್ಯುಮಿನ್, ಅಶ್ವಗಂಧದ ವಿಥಫೆರಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್, ಸೋಯಾದ ಜೆನಿಸ್ಟೀನ್, ಇವೆಲ್ಲ ಸ್ತನ ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಡೆದದ್ದು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ದಾಖಲಾಗಿದೆ. ಇನ್ನೊಂದು ತಮಾಷೆಯೂ ಇದೆ. ಗಿಡಮೂಲಿಕೆಗೆ ಹೆದರಿ ಕೀಮೋಗೆ ಹೋದರೂ, ಕೀಮೋಗೆ ಹೆದರಿ ಗಿಡಮೂಲಿಕೆಗೆ ಹೋದರೂ ಸಿಗೋದು ಗಿಡದ್ದೇ. ಕೀಮೋ ವಾರ್ಡಿನಲ್ಲಿ ತೊಟ್ಟು ತೊಟ್ಟಾಗಿ ಇಳಿಯುವ ಬಾಟಲಿಗಳಲ್ಲಿ ಹಲವು ಹುಟ್ಟಿದ್ದು ಮರದ ತೊಗಟೆಯಲ್ಲಿ, ಎಲೆಯಲ್ಲಿ. ಹಾಗಾಗಿ ಗಿಡ ಹೆಚ್ಚೋ ಇಂಗ್ಲಿಷ್ ಔಷಧಿ ಹೆಚ್ಚೋ ಅನ್ನುವ ಜಗಳವೇ ತಪ್ಪು ಜಾಗದಲ್ಲಿ ನಡೆಯುತ್ತಿದೆ. ಕೇಳಬೇಕಾದ್ದು ಒಂದೇ ಪ್ರಶ್ನೆ: ಎಷ್ಟು, ಮತ್ತು ಅಷ್ಟು ಗಡ್ಡೆಯ ತನಕ ತಲುಪುತ್ತದಾ?

ತಟ್ಟೆಯೊಳಗೆ ನಡೆಯೋದೇನು

ಪತ್ರಿಕೆಯಲ್ಲಿ "ಸ್ತನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಎಲೆ ಪತ್ತೆ" ಅಂತ ಸುದ್ದಿ ಬಂದರೆ ಹಿಂದೆ ನಡೆದಿರೋ ಕೆಲಸ ಹೆಚ್ಚುಕಮ್ಮಿ ಹೀಗಿರುತ್ತದೆ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 96 ಪುಟಾಣಿ ಗುಳಿಗಳು. ಒಂದೊಂದು ಗುಳಿಗೂ ಕೆಲವು ಸಾವಿರ ಕ್ಯಾನ್ಸರ್ ಕೋಶಗಳನ್ನು ಬಿಡುತ್ತಾರೆ. ಜೊತೆಗೆ ಅವುಗಳ ಆಹಾರವಾದ ಕೆಂಪು ಬಣ್ಣದ ದ್ರವ. ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲೋ ಎಥನಾಲ್‌ನಲ್ಲೋ ನೆನೆಸಿ ಸಾರ ತೆಗೆದಿರುತ್ತಾರೆ. ಅದನ್ನು ಕಡಿಮೆಯಿಂದ ಜಾಸ್ತಿಗೆ ಹತ್ತಾರು ಪ್ರಮಾಣದಲ್ಲಿ ಹಾಕುತ್ತಾ ಹೋಗುತ್ತಾರೆ. ಒಂದೋ ಎರಡೋ ದಿನ 37 ಡಿಗ್ರಿಯಲ್ಲಿ ಇಟ್ಟು, ಆಮೇಲೆ ಎಂಟಿಟಿ ಅನ್ನುವ ಹಳದಿ ಬಣ್ಣ ಹಾಕುತ್ತಾರೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ. ಸತ್ತದ್ದು ಮಾಡಲ್ಲ. ಯಂತ್ರ ಬಣ್ಣ ಅಳೆದು ಇಷ್ಟು ಬದುಕಿವೆ, ಇಷ್ಟು ಸತ್ತಿವೆ ಅನ್ನುತ್ತದೆ. ಅರ್ಧದಷ್ಟು ಕೋಶಗಳನ್ನು ತಡೆಯಲು ಎಷ್ಟು ಸಾರ ಬೇಕಾಯಿತೋ ಅದೇ ಐಸಿ-50. ಇಡೀ ಪ್ರಬಂಧ ನಿಂತಿರೋದು ಆ ಒಂದು ಸಂಖ್ಯೆ ಮೇಲೆ.

ಬಳಸುವ ಕೋಶ ಹೆಚ್ಚಾಗಿ ಎಂಸಿಎಫ್-7. ಇದಕ್ಕೊಂದು ಕಥೆ ಇದೆ. 1970ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಸ್ತನ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಒಬ್ಬ ಸನ್ಯಾಸಿನಿಯ ಶ್ವಾಸಕೋಶದ ಸುತ್ತ ತುಂಬಿಕೊಂಡಿದ್ದ ನೀರಿನಿಂದ ತೆಗೆದ ಕೋಶಗಳಿವು. ಮಿಷಿಗನ್ ಕ್ಯಾನ್ಸರ್ ಫೌಂಡೇಶನ್ನಿನವರು ಬೆಳೆಸಲು ಪಟ್ಟ ಏಳನೇ ಪ್ರಯತ್ನ ಕೈಹಿಡಿಯಿತು, ಅದಕ್ಕೇ 7. ಆಕೆ ತೀರಿಕೊಂಡು ಅರ್ಧ ಶತಮಾನ ದಾಟಿದೆ. ಆ ಕೋಶಗಳು ಇವತ್ತಿಗೂ ಪ್ರಪಂಚದ ಲ್ಯಾಬ್‌ಗಳಲ್ಲಿ ಬೆಳೆಯುತ್ತಲೇ ಇವೆ. ಈಸ್ಟ್ರೋಜನ್ ಹಾರ್ಮೋನಿಗೆ ಸ್ಪಂದಿಸಿ ಬೆಳೆಯುವ ಕ್ಯಾನ್ಸರ್‌ಗೆ ಇದು ಮಾದರಿ. ಆ ಗುಣ ಇಲ್ಲದ, ಟ್ರಿಪಲ್ ನೆಗೆಟಿವ್ ಅನ್ನುವ ಹಟಮಾರಿ ಬಗೆಗೆ ಎಂಡಿಎ-ಎಂಬಿ-231 ಅನ್ನೋ ಇನ್ನೊಂದು ಕೋಶವನ್ನು ಬಳಸುತ್ತಾರೆ.

ಈ ಪರೀಕ್ಷೆ ಕೆಟ್ಟದ್ದಲ್ಲ. ಅಗ್ಗ, ಬೇಗ ಮುಗಿಯುತ್ತದೆ. ಸಾವಿರ ವಸ್ತುಗಳಲ್ಲಿ ಯಾವ ಹತ್ತರ ಹಿಂದೆ ಬೀಳಬಹುದು ಅಂತ ತೋರಿಸುತ್ತದೆ. ಅದರ ಕೆಲಸ ಅಷ್ಟೇ. ಆದರೆ ಸೋಸುವ ಜರಡಿಯನ್ನೇ ಕೊನೇ ತೀರ್ಪು ಅಂದುಕೊಂಡರೆ ಎಡವಟ್ಟು ಶುರುವಾಗುತ್ತದೆ. ತಟ್ಟೆಯಲ್ಲಿರೋ ಕೋಶವನ್ನು ಕೊಲ್ಲೋದು ಏನೇನೂ ಕಷ್ಟವಲ್ಲ. ಉಪ್ಪು ಜಾಸ್ತಿ ಆದರೂ ಸಾಯುತ್ತೆ, ಬ್ಲೀಚಿಂಗ್ ಪೌಡರ್‌ಗೂ ಸಾಯುತ್ತೆ, ಸಾರ ಕರಗಿಸಲು ಬಳಸಿದ ಡಿಎಂಎಸ್‌ಒ ದ್ರಾವಕ ಒಂಚೂರು ಹೆಚ್ಚಾದರೂ ಸಾಯುತ್ತೆ. ಅದಕ್ಕೇ ಒಳ್ಳೆ ಲ್ಯಾಬಿನವರು ಪಕ್ಕದಲ್ಲಿ ಕ್ಯಾನ್ಸರ್ ಅಲ್ಲದ ಸ್ತನ ಕೋಶವನ್ನೂ ಇಟ್ಟು, ಅದು ಎಷ್ಟರಲ್ಲಿ ಸಾಯುತ್ತೆ ಅಂತ ನೋಡುತ್ತಾರೆ. ಎರಡೂ ಒಂದೇ ಪ್ರಮಾಣದಲ್ಲಿ ಸತ್ತರೆ ಸಿಕ್ಕಿದ್ದು ಔಷಧಿ ಅಲ್ಲ, ಬರೀ ವಿಷ. ಎಷ್ಟೋ ಪ್ರಬಂಧಗಳಲ್ಲಿ ಈ ಹೋಲಿಕೆಯೇ ಇರಲ್ಲ.

ಪರೀಕ್ಷೆಯೇ ಮೋಸ ಮಾಡುವುದೂ ಉಂಟು. ಗಿಡದ ಪಾಲಿಫಿನಾಲ್‌ಗಳು, ಅಂದರೆ ನಾವು ಆ್ಯಂಟಿ-ಆಕ್ಸಿಡೆಂಟ್ ಅಂತ ಹೊಗಳುವ ಪದಾರ್ಥಗಳು, ಕೋಶದ ಹಂಗಿಲ್ಲದೆ ತಾವೇ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಆಗ ಯಂತ್ರ ಓದೋದು ಗಿಡದ ರಸಾಯನವನ್ನು, ಕೋಶದ ಜೀವವನ್ನಲ್ಲ. ಇನ್ನು ಆ ಕೆಂಪು ದ್ರವ. ಅದಕ್ಕೆ ಬಣ್ಣ ಕೊಡೋದು ಫಿನಾಲ್ ರೆಡ್. ಅದೇ ಸಣ್ಣ ಮಟ್ಟದಲ್ಲಿ ಈಸ್ಟ್ರೋಜನ್ ತರಹ ವರ್ತಿಸಿ ಎಂಸಿಎಫ್-7 ಕೋಶಗಳನ್ನು ಬೆಳೆಸುತ್ತದೆ ಅಂತ 1986ರಲ್ಲಿ ಗೊತ್ತಾಯಿತು. ಅಷ್ಟು ವರ್ಷ ಹಾರ್ಮೋನ್ ಪ್ರಯೋಗ ಮಾಡಿದವರ ಮುಖ ಹೇಗಾಗಿರಬೇಡ! ಎಂಡಿಎ-ಎಂಬಿ-435 ಕಥೆ ಇನ್ನೂ ಫಜೀತಿ. ಸ್ತನ ಕ್ಯಾನ್ಸರ್ ಅಂತ ನಂಬಿ ಅದರ ಮೇಲೆ ರಾಶಿ ರಾಶಿ ಪ್ರಬಂಧ ಬಂದವು. ಆಮೇಲೆ ವಂಶವಾಹಿ ನೋಡಿದರೆ ಅದು ಮೆಲನೋಮಾ, ಅಂದರೆ ಚರ್ಮದ ಕ್ಯಾನ್ಸರ್ ಕೋಶ.

ಅರಿಶಿನದ ಲೆಕ್ಕ

ಈಗ ನಮ್ಮ ಅಡುಗೆಮನೆಗೇ ಬರೋಣ. ಕರ್ಕ್ಯುಮಿನ್ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ತಡೆಯಲು ಸಾಮಾನ್ಯವಾಗಿ 10ರಿಂದ 50 ಮೈಕ್ರೋಮೋಲ್ ಬೇಕು (ಒಂದು ಲೀಟರಿನಲ್ಲಿ ಎಷ್ಟು ಅಣುಗಳಿವೆ ಅಂತ ಹೇಳುವ ಅಳತೆ ಇದು). 20 ಅಂತ ಹಿಡಿಯೋಣ. ಲೀಟರಿಗೆ ಸುಮಾರು 7.4 ಮಿಲಿಗ್ರಾಂ ಆಯಿತು. ಮೈಯಲ್ಲಿ ಐದು ಲೀಟರ್ ರಕ್ತ, ಅಂದರೆ 37 ಮಿಲಿಗ್ರಾಂ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಮೂರರಷ್ಟು. ಒಂದು ಟೀ ಚಮಚ, ಮೂರು ಗ್ರಾಂ ಪುಡಿಯಲ್ಲಿ 90 ಮಿಲಿಗ್ರಾಂ. ಅರೆ, ಒಂದು ಲೋಟ ಅರಿಶಿನದ ಹಾಲಿಗೆ ಕೆಲಸ ಮುಗೀತಲ್ವಾ?

ಮುಗಿಯಲ್ಲ. ತಟ್ಟೆಗೂ ಮೈಗೂ ಮಧ್ಯೆ ಕರುಳು ಮತ್ತು ಪಿತ್ತಜನಕಾಂಗ ಕೂತಿವೆ. ಕರ್ಕ್ಯುಮಿನ್ ನೀರಲ್ಲಿ ಕರಗಲ್ಲ. ನುಂಗಿದ್ದರಲ್ಲಿ ಬಹುಪಾಲು ಮಲದಲ್ಲೇ ಹೊರಗೆ. ಚೂರುಪಾರು ಒಳಗೆ ಹೋದದ್ದಕ್ಕೂ ಕರುಳಿನ ಗೋಡೆ, ಪಿತ್ತಜನಕಾಂಗ ಸೇರಿ ಬೇರೆ ಅಣು ಅಂಟಿಸಿ ಕೆಲಸಕ್ಕೆ ಬಾರದಂತೆ ಮಾಡಿ ಆಚೆ ಕಳಿಸುತ್ತವೆ. ತೈವಾನ್‌ನಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳಿಗೆ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಸಿಕ್ಕ ಗರಿಷ್ಠ ಸರಾಸರಿ 1.77 ಮೈಕ್ರೋಮೋಲ್. ಅದೂ ಒಂದೆರಡು ಗಂಟೆಯಲ್ಲಿ ಏರಿ ಆಮೇಲೆ ಇಳಿಯುತ್ತಾ ಹೋಗುವಂಥದ್ದು. ತಟ್ಟೆಯಲ್ಲಿ ಬೇಕಿದ್ದಕ್ಕೆ ಹತ್ತರಲ್ಲಿ ಒಂದು ಪಾಲೂ ಇಲ್ಲ. 8 ಗ್ರಾಂ ಕರ್ಕ್ಯುಮಿನ್ ಅಡುಗೆ ಅರಿಶಿನದಿಂದ ಬರಬೇಕಾದರೆ ದಿನಾ ಕಾಲು ಕೆಜಿಗೂ ಜಾಸ್ತಿ ಪುಡಿ ತಿನ್ನಬೇಕು.

"ಅದಕ್ಕೇ ಕರಿಮೆಣಸು ಸೇರಿಸಬೇಕು ಅನ್ನೋದು" ಅಂತ ತಿಳಿದವರು ಹೇಳುತ್ತಾರೆ. ಈ ಮಾತು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಬಂದ ಪ್ರಬಂಧವದು. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನ ಖಾರದ ಅಂಶ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ 2000 ಪರ್ಸೆಂಟ್ ಹೆಚ್ಚಿತು. ಪ್ರಪಂಚದ ಯಾವ ಮೂಲೆಯಲ್ಲಿ ಕರ್ಕ್ಯುಮಿನ್ ಮಾತ್ರೆ ಕೊಂಡರೂ ಡಬ್ಬಿ ಮೇಲೆ ಈ ಸಂಖ್ಯೆ ಕುಣಿಯುತ್ತಿರುತ್ತದೆ. ಡಬ್ಬಿ ಮೇಲೆ ಹಾಕದ ಸಂಖ್ಯೆ ಇನ್ನೊಂದಿದೆ. ಮೆಣಸಿಲ್ಲದೆ ಕೊಟ್ಟಾಗ ರಕ್ತದಲ್ಲಿ ಕರ್ಕ್ಯುಮಿನ್ ಕಂಡೂ ಕಾಣದಷ್ಟಿತ್ತು. ಸೊನ್ನೆಯ ಪಕ್ಕದ್ದನ್ನು ಇಪ್ಪತ್ತು ಪಟ್ಟು ಮಾಡಿದರೆ ಎಷ್ಟಾಗುತ್ತೆ? ಆ ಪ್ರಬಂಧದಲ್ಲೇ ಅದು ಅರ್ಧ ಮೈಕ್ರೋಮೋಲ್ ಆಸುಪಾಸು. ಪ್ರಬಂಧ ಸುಳ್ಳು ಹೇಳಲಿಲ್ಲ. ಡಬ್ಬಿಯವರು ಅರ್ಧ ಓದಿ ನಿಲ್ಲಿಸಿದರು.

2017ರಲ್ಲಿ ಅಮೆರಿಕದ ಔಷಧ ರಸಾಯನಶಾಸ್ತ್ರಜ್ಞರ ಗುಂಪೊಂದು ಅಲ್ಲಿಯವರೆಗಿನ ಕರ್ಕ್ಯುಮಿನ್ ಕೆಲಸವನ್ನೆಲ್ಲ ಗುಡ್ಡೆ ಹಾಕಿ ಪರಿಶೀಲಿಸಿತು. 120ಕ್ಕೂ ಹೆಚ್ಚು ಕ್ಲಿನಿಕಲ್ ಟ್ರಯಲ್‌ಗಳು ನಡೆದಿದ್ದರೂ, ರೋಗಿಗೂ ಡಾಕ್ಟರಿಗೂ ಯಾವುದು ಅಸಲಿ ಯಾವುದು ಹುಸಿ ಗುಳಿಗೆ ಅಂತ ಗೊತ್ತಿಲ್ಲದಂತೆ ಮಾಡಿದ ಒಂದು ಪರೀಕ್ಷೆಯೂ ಗೆದ್ದಿಲ್ಲ ಎಂದರು. ಕರ್ಕ್ಯುಮಿನ್ ಯಾವ ಪ್ರೋಟೀನ್ ಸಿಕ್ಕರೂ ಹೋಗಿ ಅಂಟಿಕೊಳ್ಳುವ, ಪರೀಕ್ಷೆಗಳಲ್ಲಿ ಎಲ್ಲ ಕಡೆ "ಹೌದು" ಅನ್ನಿಸುವ ಅಣು ಎಂದೂ ಬರೆದರು. ಟೆಕ್ಸಾಸ್‌ನ ದೊಡ್ಡ ಕ್ಯಾನ್ಸರ್ ಕೇಂದ್ರದಲ್ಲಿದ್ದ ಒಬ್ಬ ಹೆಸರಾಂತ ಕರ್ಕ್ಯುಮಿನ್ ಸಂಶೋಧಕರ ಎಷ್ಟೋ ಪ್ರಬಂಧಗಳನ್ನು ಚಿತ್ರ ತಿದ್ದಿದ ಅನುಮಾನದ ಮೇಲೆ ಜರ್ನಲ್‌ಗಳೇ ವಾಪಸ್ ಪಡೆದಿವೆ. ಇವತ್ತು ಓಡಾಡುವ "ಪ್ರೂಫ್"ಗಳಲ್ಲಿ ಅವೂ ಸೇರಿವೆ.

ಹಾಗಂತ ಕರ್ಕ್ಯುಮಿನ್ ಪರ ಒಂದೂ ಇಲ್ಲ ಎಂದರೆ ಅನ್ಯಾಯವಾದೀತು. ಅರ್ಮೇನಿಯಾದಲ್ಲಿ ಮುಂದುವರಿದ ಸ್ತನ ಕ್ಯಾನ್ಸರ್ ಇದ್ದ 150 ಹೆಂಗಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಕೀಮೋ ಜೊತೆ ಕರ್ಕ್ಯುಮಿನ್ ಪಡೆದವರಲ್ಲಿ 51 ಪರ್ಸೆಂಟ್ ಜನಕ್ಕೆ ಗಡ್ಡೆ ಸ್ಪಂದಿಸಿತು, ಬರೀ ಕೀಮೋ ಪಡೆದವರಲ್ಲಿ 33. ಇದನ್ನು ಇನ್ನೂ ದೊಡ್ಡದಾಗಿ ಮಾಡಿ ನೋಡುವಂತಿದೆ. ಆದರೆ ಎರಡು ವಿಷಯ ಗಮನಿಸಿ. ಕರ್ಕ್ಯುಮಿನ್ ಅನ್ನು ಬಾಯಿಗೆ ಕೊಡಲಿಲ್ಲ, ವಾರಕ್ಕೊಮ್ಮೆ ನೇರ ರಕ್ತನಾಳಕ್ಕೆ ಏರಿಸಿದರು. ಮನೆಯಲ್ಲಿ ಮಾಡೋ ಕೆಲಸ ಅಲ್ಲ. ಎರಡನೆಯದು, ಜೊತೆಗೆ ಕೊಟ್ಟ ಕೀಮೋ ಪ್ಯಾಕ್ಲಿಟ್ಯಾಕ್ಸೆಲ್. ಅದೂ ಗಿಡದ್ದೇ.

ತೊಗಟೆಯಿಂದ ಬಾಟಲಿಗೆ

1962ರ ಆಗಸ್ಟ್. ಅಮೆರಿಕದ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ ಆರ್ಥರ್ ಬಾರ್ಕ್ಲೆ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಅನ್ನುವ ಮರದ ತೊಗಟೆ, ರೆಂಬೆ ಕಿತ್ತು ಚೀಲಕ್ಕೆ ತುಂಬಿದರು. ಆ ಮರದ ಬಗ್ಗೆ ಯಾವ ನಂಬಿಕೆಯೂ ಅವರಿಗಿರಲಿಲ್ಲ. ಸಿಕ್ಕ ಗಿಡವನ್ನೆಲ್ಲ ಕೋಶದ ಮೇಲೆ, ಇಲಿ ಮೇಲೆ ಹಾಕಿ ನೋಡುವ ಸರ್ಕಾರಿ ಯೋಜನೆಯ ಕೆಲಸವದು. ತೊಗಟೆ ನಾರ್ತ್ ಕ್ಯಾರೊಲಿನಾದ ಲ್ಯಾಬಿಗೆ ಹೋಯಿತು. ಅಲ್ಲಿದ್ದವರು ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ. ವಾಣಿ ಮಹಾರಾಷ್ಟ್ರದ ನಂದುರ್‌ಬಾರ್‌ನವರು, ಬಾಂಬೆ ವಿಶ್ವವಿದ್ಯಾಲಯದಲ್ಲಿ ಓದಿದವರು. 12 ಕೆಜಿ ಒಣ ತೊಗಟೆಯಿಂದ ಅವರು ತೆಗೆದದ್ದು ಅರ್ಧ ಗ್ರಾಂ ವಸ್ತು. ಟ್ಯಾಕ್ಸಾಲ್ ಅಂತ ಹೆಸರಿಟ್ಟು 1971ರಲ್ಲಿ ಅದರ ರಚನೆ ಪ್ರಕಟಿಸಿದರು. ಈಗಿನ ಪ್ಯಾಕ್ಲಿಟ್ಯಾಕ್ಸೆಲ್ ಅಂದರೆ ಇದೇ.

ಯಾರೂ ಕೇರ್ ಮಾಡಲಿಲ್ಲ. ಸಿಗೋದು ಇಷ್ಟೇ ಇಷ್ಟು, ನೀರಲ್ಲಿ ಕರಗಲ್ಲ, ಹೇಗೆ ಕೆಲಸ ಮಾಡುತ್ತೆ ಗೊತ್ತಿಲ್ಲ. 1979ರಲ್ಲಿ ನ್ಯೂಯಾರ್ಕ್‌ನ ಸೂಸನ್ ಹಾರ್ವಿಟ್ಜ್ ಅದರ ಕೆಲಸದ ರೀತಿ ಕಂಡುಹಿಡಿದ ಮೇಲೆ ಎಲ್ಲರೂ ತಿರುಗಿ ನೋಡಿದರು. ಕೋಶ ಎರಡಾಗುವಾಗ ಒಳಗೆ ಸೂಕ್ಷ್ಮ ಕೊಳವೆಗಳ ಒಂದು ಚೌಕಟ್ಟು ಕಟ್ಟಿಕೊಳ್ಳುತ್ತದೆ, ಕೆಲಸವಾದ ಮೇಲೆ ಬಿಚ್ಚಿಹಾಕುತ್ತದೆ. ಅದುವರೆಗೆ ಗೊತ್ತಿದ್ದ ವಿಷಗಳು ಚೌಕಟ್ಟು ಕಟ್ಟಲು ಬಿಡುತ್ತಿರಲಿಲ್ಲ. ಟ್ಯಾಕ್ಸಾಲ್ ಉಲ್ಟಾ. ಕಟ್ಟಲು ಬಿಡುತ್ತೆ, ಬಿಚ್ಚಲು ಬಿಡಲ್ಲ. ತಾರಸಿ ಹಾಕಿದ ಮೇಲೆ ಸೆಂಟ್ರಿಂಗ್ ಬಿಚ್ಚದೆ ಬಿಟ್ಟರೆ ಮನೆ ಕೆಲಸ ಅಲ್ಲೇ ನಿಂತುಹೋಗುತ್ತಲ್ಲ, ಹಾಗೆ. ಕೋಶ ಅರ್ಧಕ್ಕೇ ಸಿಕ್ಕಿಕೊಂಡು ಸಾಯುತ್ತದೆ.

ಆಮೇಲೂ ದಾರಿ ಸಲೀಸಾಗಿರಲಿಲ್ಲ. ಒಬ್ಬ ರೋಗಿಗೆ ಪೂರ್ತಿ ಚಿಕಿತ್ಸೆ ಕೊಡಲು ಹಲವು ಹಳೇ ಮರಗಳ ತೊಗಟೆ ಸುಲಿಯಬೇಕಿತ್ತು, ಸುಲಿದರೆ ಮರ ಸಾಯುತ್ತದೆ. ಪರಿಸರದವರು ಗಲಾಟೆ ಎಬ್ಬಿಸಿದರು, ಎಬ್ಬಿಸಿದ್ದು ಸರಿಯೇ. ಕೊನೆಗೆ ಫ್ರಾನ್ಸ್‌ನ ಪಿಯರ್ ಪೋಟಿಯೆ ತಂಡ ಯುರೋಪಿನ ಯೂ ಮರದ ಎಲೆಯಲ್ಲಿ ಅದರ ಹತ್ತಿರದ ಅಣು ಕಂಡುಕೊಂಡಿತು. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ. ಅದನ್ನು ಲ್ಯಾಬಿನಲ್ಲಿ ಟ್ಯಾಕ್ಸಾಲ್ ಆಗಿ ಬದಲಿಸುವ ವಿಧಾನ ಬಂತು, ಜೊತೆಗೇ ಡೋಸಿಟ್ಯಾಕ್ಸೆಲ್ ಅನ್ನೋ ತಮ್ಮನೂ ಹುಟ್ಟಿದ. 1992ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ, 1994ರಲ್ಲಿ ಸ್ತನ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ತೊಗಟೆ ಕಿತ್ತ ದಿನದಿಂದ 32 ವರ್ಷ. ಈ ನಡುವೆ ನಮ್ಮ ಹಿಮಾಲಯದ ಯೂ ಮರಗಳಿಗೂ ಕೊಡಲಿ ಬಿತ್ತು. 1995ರಲ್ಲಿ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಕಡಿವಾಣ ಹಾಕಬೇಕಾಯಿತು.

ಇಲ್ಲಿ ಪ್ರಮಾಣ ನೋಡಿ. ಟ್ಯಾಕ್ಸಾಲ್ ಕೋಶವನ್ನು ತಡೆಯೋದು ಕೆಲವೇ ನ್ಯಾನೋಮೋಲ್‌ನಲ್ಲಿ, ನ್ಯಾನೋ ಅಂದರೆ ಮೈಕ್ರೋದ ಸಾವಿರದಲ್ಲೊಂದು ಪಾಲು. ಕರ್ಕ್ಯುಮಿನ್‌ಗಿಂತ ಸಾವಿರಾರು ಪಟ್ಟು ಕಡಿಮೆ ಸಾಕು. ಡ್ರಿಪ್‌ನಲ್ಲಿ ಕೊಟ್ಟರೆ ರೋಗಿಯ ರಕ್ತದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ತಟ್ಟೆಯ ಲೆಕ್ಕ ಮೈಯೊಳಗೂ ಸರಿಹೋಯಿತು. ಬೆಲೆ ತೆರಬೇಕಾಗುತ್ತೆ ನಿಜ: ಕೂದಲು ಉದುರುತ್ತೆ, ಬಿಳಿ ರಕ್ತಕಣ ಇಳಿಯುತ್ತೆ, ಕೈಕಾಲು ಬೆರಳು ಜೋಮು ಹಿಡಿಯುತ್ತೆ. ಇನ್ನೊಂದು ವಿಚಿತ್ರ. ನೀರಲ್ಲಿ ಕರಗದ ಟ್ಯಾಕ್ಸಾಲನ್ನು ಕರಗಿಸಲು ಹರಳೆಣ್ಣೆಯಿಂದ ಮಾಡಿದ ದ್ರಾವಕ ಬಳಸುತ್ತಾರೆ. ಕೆಲವರಿಗೆ ಡ್ರಿಪ್ ಶುರುವಾದ ಕೂಡಲೇ ಮೈ ಕೆಂಪೇರಿ ಉಸಿರು ಕಟ್ಟುವುದಕ್ಕೆ ಮುಖ್ಯ ಅಪರಾಧಿ ಅದೇ. ಅದಕ್ಕೇ ನರ್ಸ್ ಮೊದಲು ಸ್ಟೀರಾಯ್ಡ್, ಅಲರ್ಜಿ ಇಂಜೆಕ್ಷನ್ ಕೊಟ್ಟು ಆಮೇಲೆ ಬಾಟಲಿ ತೂಗುಹಾಕೋದು.

ನಮ್ಮ ಅಂಗಳದ ಕಾಶಿ ಕಣಗಿಲೆಯ ಕಥೆಯೂ ಹೀಗೇ. ಜಮೈಕಾದಲ್ಲಿ ಅದರ ಎಲೆಯನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಕೆನಡಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ 1950ರ ದಶಕದಲ್ಲಿ ಪರೀಕ್ಷೆ ಮಾಡಿದರೆ ಸಕ್ಕರೆ ಇಳಿಯಲೇ ಇಲ್ಲ, ಇಳಿದಿದ್ದು ಬಿಳಿ ರಕ್ತಕಣ. ಅಲ್ಲಿಂದ ವಿನ್‌ಬ್ಲಾಸ್ಟಿನ್ ಅನ್ನುವ ಕ್ಯಾನ್ಸರ್ ಔಷಧಿ ಬಂತು. ಅದೇ ಕುಟುಂಬದ ವಿನೊರೆಲ್ಬಿನ್ ಅನ್ನು ಹರಡಿದ ಸ್ತನ ಕ್ಯಾನ್ಸರ್‌ಗೆ ಈಗಲೂ ಕೊಡುತ್ತಾರೆ. ಎಲೆಯನ್ನು ಕಿತ್ತು ಜಗಿದರೆ ಇದ್ಯಾವುದೂ ಸಿಗಲ್ಲ. ಎಲೆಯಲ್ಲಿ ಆ ಅಣು ಇರೋದು ತೀರಾ ಅತ್ಯಲ್ಪ. ಜೊತೆಗೆ ಬೇರೆ ಹತ್ತಾರು ಆಲ್ಕಲಾಯ್ಡ್‌ಗಳು ಕಲಸಿಕೊಂಡಿವೆ. ವಿನ್‌ಬ್ಲಾಸ್ಟಿನ್ ಡೋಸ್ ತಪ್ಪಿದರೆ ಆಸ್ಪತ್ರೆಯಲ್ಲೇ ಜೀವ ಹೋಗುತ್ತದೆ, ಮನೆ ಮಾತು ಬಿಡಿ.

ಗಿಡದ್ದು ಅಂದರೆ ಸೌಮ್ಯ ಅನ್ನೋ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಎಕ್ಕದ ಹಾಲು, ಕಾಸರಕದ ಬೀಜ ಕಂಡವರಿಗಾದರೂ ಬರಬಾರದಿತ್ತು. ಗಿಡ ಓಡಿಹೋಗಲಾರದು. ಹುಳು, ಹಸು, ಶಿಲೀಂಧ್ರಗಳಿಂದ ತಪ್ಪಿಸಿಕೊಳ್ಳಲು ಅದಕ್ಕಿರುವ ಒಂದು ದಾರಿ ವಿಷ. ಕ್ಯಾನ್ಸರ್‌ಗೆ ಔಷಧಿಯಾದ ಗಿಡದ ಅಣುಗಳೆಲ್ಲ ಹೆಚ್ಚುಕಮ್ಮಿ ಈ ಸಾಲಿನವೇ.

ವಿಷಕ್ಕೆ ದಾರಿ ತೋರಿಸುವವರು

ಕಳೆದ ಹತ್ತು ಹನ್ನೆರಡು ವರ್ಷದ ಹೊಸ ಬೆಳವಣಿಗೆ ನನ್ನ ಪ್ರಕಾರ ಈ ಇಡೀ ವಿಷಯದಲ್ಲೇ ಅತಿ ಕುತೂಹಲದ್ದು. ಇಥಿಯೋಪಿಯಾದ ಒಂದು ಪೊದೆಯಿಂದ 1972ರಲ್ಲಿ ಮೇಟನ್ಸಿನ್ ಅನ್ನುವ ಅಣು ಸಿಕ್ಕಿತ್ತು. ಎಷ್ಟು ಉಗ್ರ ಅಂದರೆ ರೋಗಿಗಳು ತಡೆದುಕೊಳ್ಳಲಾಗದೆ ಪ್ರಯೋಗ ಕೈಬಿಟ್ಟರು. ಚೀನಾದ ಒಂದು ಮರದಿಂದ ವಾಲ್ ಮತ್ತು ವಾಣಿಯೇ 1966ರಲ್ಲಿ ತೆಗೆದ ಕ್ಯಾಂಪ್ಟೊಥೆಸಿನ್ ಕಥೆಯೂ ಅಷ್ಟೇ. ಮೂತ್ರಕೋಶದಿಂದ ರಕ್ತ ಬರತೊಡಗಿ 70ರ ದಶಕದಲ್ಲಿ ನಿಲ್ಲಿಸಿದರು.

ಇವೆರಡೂ ಈಗ ವಾಪಸ್ ಬಂದಿವೆ. ಹೇಗೆ? ಕ್ಯಾನ್ಸರ್ ಕೋಶದ ಮೇಲ್ಮೈಯಲ್ಲಿರುವ ಗುರುತನ್ನು ಹುಡುಕಿ ಹಿಡಿಯುವ ಪ್ರತಿಕಾಯವೊಂದಕ್ಕೆ ಈ ವಿಷದ ಅಣುಗಳನ್ನು ಪೋಣಿಸುತ್ತಾರೆ. ಪ್ರತಿಕಾಯ ಗಡ್ಡೆಗೆ ಅಂಟಿಕೊಂಡು ಕೋಶದ ಒಳಗೆ ಹೋದ ಮೇಲೆ ವಿಷ ಬಿಡುಗಡೆಯಾಗುತ್ತದೆ. ಮೇಟನ್ಸಿನ್ ವಂಶದ ಅಣು ಹೊತ್ತ ಕ್ಯಾಡ್ಸೈಲಾ ಅನ್ನುವ ಸ್ತನ ಕ್ಯಾನ್ಸರ್ ಔಷಧಿಗೆ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಕ್ಯಾಂಪ್ಟೊಥೆಸಿನ್ ಮಾದರಿಯ ಅಣು ಹೊತ್ತ ಎನ್‌ಹರ್ಟು 2019ರಲ್ಲಿ ಬಂತು. ಟ್ರಿಪಲ್ ನೆಗೆಟಿವ್ ಬಗೆಗೆ ಟ್ರೋಡೆಲ್ವಿ 2020ರಲ್ಲಿ ಬಂತು, ಅದರೊಳಗಿರೋದೂ ಕ್ಯಾಂಪ್ಟೊಥೆಸಿನ್ ವಂಶದ್ದೇ. 2024ರ ಜುಲೈ ಬಜೆಟ್‌ನಲ್ಲಿ ಮೂರು ಕ್ಯಾನ್ಸರ್ ಔಷಧಿಗಳ ಮೇಲಿನ ಆಮದು ಸುಂಕ ತೆಗೆದದ್ದು ನೆನಪಿರಬಹುದು. ಅದರಲ್ಲೊಂದು ಈ ಎನ್‌ಹರ್ಟು. ಸುಂಕ ಹೋದರೂ ನಮ್ಮಲ್ಲಿ ಬಹಳ ಮನೆಗಳಿಗೆ ಕೈಗೆಟುಕುವ ಬೆಲೆಯಲ್ಲ ಅದು.

ಕ್ಯಾಂಪ್ಟೊಥೆಸಿನ್ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಹೂವು ಗಬ್ಬು ನಾರುವ ಒಂದು ಸಣ್ಣ ಮರ, ದುರ್ವಾಸನೆ ಮರ ಅಂತಲೇ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ನೋತಪೋಡೈಟಿಸ್ ನಿಮ್ಮೋನಿಯಾನ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಇದರ ಮೇಲೆ ಸಾಕಷ್ಟು ಕೆಲಸ ಮಾಡಿದ್ದಾರೆ. ಔಷಧಿ ಕಂಪನಿಗಳಿಗಾಗಿ ಘಟ್ಟದಿಂದ ಈ ಮರವನ್ನು ಬೇಕಾಬಿಟ್ಟಿ ಕಡಿದು ಸಾಗಿಸಿದ್ದೂ ಆಗಿದೆ. ಮಲೆನಾಡಿನ ಕಾಡಿಗೂ ಕೀಮೋ ಬಾಟಲಿಗೂ ನಂಟಿದೆ ಅಂದರೆ ಅದು ಇದು. ಇದನ್ನು ಯಾರೂ ಫಾರ್ವರ್ಡ್ ಮಾಡಲ್ಲ.

ಫಾರ್ವರ್ಡ್ ಆಗೋದು ಲಕ್ಷ್ಮಣ ಫಲ. "ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿ" ಅನ್ನೋ ಮೆಸೇಜ್ ನಿಮಗೂ ಬಂದಿರುತ್ತೆ. ಆ ಹತ್ತು ಸಾವಿರ ಬಂದಿದ್ದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ 1990ರ ದಶಕದ ಒಂದು ಪ್ರಬಂಧದಿಂದ. ಬೀಜದಿಂದ ತೆಗೆದ ಒಂದು ಶುದ್ಧ ಅಣು, ಒಂದು ಬಗೆಯ ದೊಡ್ಡ ಕರುಳಿನ ಕ್ಯಾನ್ಸರ್ ಕೋಶ, ತಟ್ಟೆಯಲ್ಲಿ. ಹಣ್ಣಲ್ಲ, ಸ್ತನವಲ್ಲ, ಮನುಷ್ಯರಲ್ಲ. ಅದರಲ್ಲಿರುವ ಅನೊನಾಸಿನ್ ನರಕೋಶಗಳಿಗೂ ವಿಷ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆ ಕಷಾಯ ಜಾಸ್ತಿ ಬಳಸುವವರಲ್ಲಿ ಪಾರ್ಕಿನ್ಸನ್ ತರಹದ ಕಾಯಿಲೆ ಹೆಚ್ಚು ಕಂಡದ್ದು 1999ರಲ್ಲೇ ವರದಿಯಾಗಿದೆ. ಅಪರೂಪಕ್ಕೆ ಹಣ್ಣು ತಿಂದರೆ ಏನೂ ಆಗಲ್ಲ. ಔಷಧಿ ಅಂತ ದಿನಾ ಎಲೆ ಕುದಿಸಿ ಕುಡಿಯೋದು ಬೇರೆ ಮಾತು.

ಸೋಯಾದ್ದು ಉಲ್ಟಾ ಪ್ರಕರಣ. ತಟ್ಟೆಯಲ್ಲಿ ಜೆನಿಸ್ಟೀನ್ ಜಾಸ್ತಿ ಹಾಕಿದರೆ ಎಂಸಿಎಫ್-7 ನಿಲ್ಲುತ್ತೆ, ಕಡಿಮೆ ಹಾಕಿದರೆ ಬೆಳೆಯುತ್ತೆ. ಇದನ್ನು ಓದಿ ಎಷ್ಟೋ ಜನ ಸೋಯಾ ಬಿಟ್ಟರು. ಆಮೇಲೆ ಶಾಂಘೈನಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ 5042 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದರೆ ಸೋಯಾ ಜಾಸ್ತಿ ತಿಂದವರಲ್ಲೇ ಕಾಯಿಲೆ ಮರುಕಳಿಸಿದ್ದು ಕಡಿಮೆ. ತಟ್ಟೆ ಆಸೆ ತೋರಿಸಿ ಮಾತ್ರ ಅಲ್ಲ, ಹೆದರಿಸಿಯೂ ಮೋಸ ಮಾಡಬಹುದು. ಹಾಗೇ 2024ರ ಫೆಬ್ರವರಿಯಲ್ಲಿ ಟಾಟಾ ಆಸ್ಪತ್ರೆ ಕಡೆಯಿಂದಲೇ "ನೂರು ರೂಪಾಯಿಯ ಕ್ಯಾನ್ಸರ್ ಮಾತ್ರೆ" ಸುದ್ದಿ ಬಂದಿತ್ತು, ರೆಸ್ವೆರಟ್ರಾಲ್ ಮತ್ತು ತಾಮ್ರದ್ದು. ಸುದ್ದಿಗೆ ಆಧಾರವಾಗಿದ್ದ ಮುಖ್ಯ ಕೆಲಸ ಇಲಿಗಳ ಮೇಲಿನದು. ದೊಡ್ಡ ಆಸ್ಪತ್ರೆಯ ಹೆಸರಿದೆ ಅಂತ ನಮ್ಮ ಪ್ರಶ್ನೆ ಬದಲಾಗಬಾರದು.

ಕಷಾಯ ಮತ್ತು ಕೀಮೋ ಒಟ್ಟಿಗೆ

"ಕೀಮೋನೂ ತಗೊಳ್ಳಲಿ, ಇದೂ ಇರಲಿ, ಏನು ನಷ್ಟ?" ಇದು ಮನೆಮನೆಯ ಮಾತು, ಕಾಳಜಿಯ ಮಾತೇ. ಆದರೆ ನಷ್ಟ ಇದೆ. ಮೆಣಸಿನ ಪೈಪರಿನ್ ಕರ್ಕ್ಯುಮಿನ್ ಏರಿಸೋದು ಹೇಗೆ? ವಸ್ತುಗಳನ್ನು ಒಡೆದು ಹೊರಹಾಕುವ ಪಿತ್ತಜನಕಾಂಗದ ಕಿಣ್ವಗಳನ್ನು ತಡೆದು. ಅದೇ ಕಿಣ್ವಗಳು ಕ್ಯಾನ್ಸರ್ ಔಷಧಿಯನ್ನೂ ಸಂಭಾಳಿಸಬೇಕು. ಹಾರ್ಮೋನ್ ಬಗೆಯ ಸ್ತನ ಕ್ಯಾನ್ಸರ್‌ಗೆ ವರ್ಷಗಟ್ಟಲೆ ಟಮಾಕ್ಸಿಫೆನ್ ಮಾತ್ರೆ ನುಂಗಬೇಕು. ಅದನ್ನು ಎಂಡಾಕ್ಸಿಫೆನ್ ಅಂತ ದೇಹ ಬದಲಿಸಿಕೊಂಡ ಮೇಲೇ ಪೂರ್ತಿ ಕೆಲಸ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 2019ರಲ್ಲಿ ಟಮಾಕ್ಸಿಫೆನ್ ಜೊತೆ ಕರ್ಕ್ಯುಮಿನ್ ಕೊಟ್ಟು ನೋಡಿದರು. ಎಂಡಾಕ್ಸಿಫೆನ್ ಇಳಿಯಿತು, ಪೈಪರಿನ್ ಸೇರಿಸಿದಾಗ ಇನ್ನಷ್ಟು ಇಳಿಯಿತು. ಅಮೆರಿಕದಲ್ಲಿ ಅರಿಶಿನದ ಸಪ್ಲಿಮೆಂಟ್‌ನಿಂದ ಪಿತ್ತಜನಕಾಂಗಕ್ಕೆ ಪೆಟ್ಟಾದ ಹತ್ತು ಪ್ರಕರಣಗಳನ್ನು 2022ರಲ್ಲಿ ಒಟ್ಟಿಗೆ ವರದಿ ಮಾಡಿದರು, ಒಬ್ಬರು ತೀರಿಕೊಂಡರು. ಕೀಮೋ ನಡೆಯುವಾಗ ಆ್ಯಂಟಿ-ಆಕ್ಸಿಡೆಂಟ್ ಮಾತ್ರೆ ತಿಂದವರಲ್ಲಿ ಸ್ತನ ಕ್ಯಾನ್ಸರ್ ಮರುಕಳಿಸುವ ಸಂಭವ ಜಾಸ್ತಿ ಇರಬಹುದು ಅಂತ 2020ರ ಇನ್ನೊಂದು ಅಧ್ಯಯನ ಸೂಚಿಸಿತು. ಗಡ್ಡೆಯನ್ನು ಸುಡಲು ಹೊರಟ ಔಷಧಿಯಿಂದ ಗಡ್ಡೆಗೇ ರಕ್ಷಣೆ ಕೊಟ್ಟ ಹಾಗಾಗಬಹುದು.

ಇವೆಲ್ಲ ಮಾತ್ರೆ, ಸಾರಗಳ ಮಾತು. ಸಾರಿಗೆ ಹಾಕೋ ಚಿಟಿಕೆ ಅರಿಶಿನ, ಒಗ್ಗರಣೆ, ಮೆಣಸಿನ ಸಾರು, ಇವುಗಳಿಗೆ ಹೆದರಬೇಕಾಗಿಲ್ಲ. ಕೀಮೋ ನಡುವೆ ಬಾಯಿ ರುಚಿ ಕೆಟ್ಟವರಿಗೆ ಬಿಸಿ ಮೆಣಸಿನ ಸಾರು ಅನ್ನದಷ್ಟು ಹಿತ ಇನ್ನೊಂದಿಲ್ಲ.

ಕೀಮೋ ಬಿಟ್ಟು ಬರೀ ಗಿಡಮೂಲಿಕೆಗೆ ಹೋದವರ ಲೆಕ್ಕ ಮಾತ್ರ ಕರಾಳವಾಗಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ, ಹರಡದ ಹಂತದಲ್ಲೇ ಪತ್ತೆಯಾಗಿ ಚಿಕಿತ್ಸೆ ಬೇಡವೆಂದು ಪರ್ಯಾಯ ವೈದ್ಯವನ್ನಷ್ಟೇ ನೆಚ್ಚಿದವರನ್ನು ಸಾಮಾನ್ಯ ಚಿಕಿತ್ಸೆ ಪಡೆದವರೊಂದಿಗೆ ಹೋಲಿಸಿದರು. ಸ್ತನ ಕ್ಯಾನ್ಸರ್‌ನಲ್ಲಿ ಸಾವಿನ ಅಪಾಯ ಐದೂವರೆ ಪಟ್ಟಿಗೂ ಹೆಚ್ಚು. ಗಿಡ ಅವರನ್ನು ಕೊಲ್ಲಲಿಲ್ಲ. ಕೈಜಾರಿದ ತಿಂಗಳುಗಳು ಕೊಂದವು.

ಸಾಗರ ತಾಲ್ಲೂಕಿನ ನರಸೀಪುರದಲ್ಲಿ ಮರದ ತೊಗಟೆಯ ಔಷಧಿಗಾಗಿ ದೇಶದ ಮೂಲೆಮೂಲೆಯಿಂದ ಬಂದ ಕ್ಯಾನ್ಸರ್ ರೋಗಿಗಳು ವರ್ಷಗಟ್ಟಲೆ ಸರದಿ ನಿಂತದ್ದು ನಮಗೆಲ್ಲ ಗೊತ್ತು. ಅವರನ್ನು ಮೂಢರು ಅಂತ ಬೈಯುವುದು ಸುಲಭ. ನನಗೆ ಅದು ಸರಿ ಅನ್ನಿಸಲ್ಲ. ದೊಡ್ಡಾಸ್ಪತ್ರೆಯಲ್ಲಿ ಐದು ನಿಮಿಷಕ್ಕಿಂತ ಜಾಸ್ತಿ ಮಾತು ಸಿಗದ, ಖರ್ಚಿಗೆ ಜಮೀನು ಅಡ ಇಟ್ಟ, ಇನ್ನೇನೂ ಮಾಡಲಾಗಲ್ಲ ಅಂತ ಕೈಚೆಲ್ಲಿಸಿಕೊಂಡ ಜನ ಮತ್ತೆಲ್ಲಿಗೆ ಹೋಗಬೇಕು? ಆದರೆ ಸರದಿ ಎಷ್ಟೇ ಉದ್ದವಿರಲಿ, ಅದು ಪುರಾವೆ ಆಗಲ್ಲ. ಬದುಕಿದವರು ಬಂದು ಹೇಳುತ್ತಾರೆ, ಹೋದವರು ಹೇಳಲಾರರು. ಯೂ ತೊಗಟೆಯನ್ನು 12 ಕೆಜಿಯಿಂದ ಅರ್ಧ ಗ್ರಾಂಗೆ ಇಳಿಸಿದವರು ಮಾಡಿದ್ದನ್ನೇ ಯಾವ ತೊಗಟೆಗೂ ಮಾಡಬಹುದು: ಯಾವ ಅಣು, ಎಷ್ಟು, ರಕ್ತದಲ್ಲಿ ಎಷ್ಟು ಸಿಕ್ಕಿತು, ಕೊಟ್ಟವರು ಎಷ್ಟು ಜನ ಬದುಕಿದರು, ಕೊಡದವರು ಎಷ್ಟು.

ಈಗಾಗಲೇ ಕಷಾಯವೋ ಕ್ಯಾಪ್ಸೂಲೋ ಶುರು ಮಾಡಿಬಿಟ್ಟಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ. ಬೈಯುತ್ತಾರೆ ಅಂತ ಹೆದರಿ ಬಹಳಷ್ಟು ಜನ ಹೇಳಲ್ಲ. ರಕ್ತ ಪರೀಕ್ಷೆಯಲ್ಲಿ ಲಿವರ್ ಏರುಪೇರಾದಾಗ ಕಾರಣ ಕೀಮೋನೋ ಕ್ಯಾಪ್ಸೂಲೋ ಅಂತ ಡಾಕ್ಟರಿಗೆ ಗೊತ್ತಾಗೋದು ಹೇಗೆ? ಮುಂದಿನ ಸಲ ಹೋಗುವಾಗ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ. ಲೇಬಲ್ ಮೇಲೆ ಪೈಪರಿನ್ ಅಂತ ಸಣ್ಣ ಅಕ್ಷರದಲ್ಲಿದ್ದರೆ ಅದನ್ನು ಬೆರಳಿಟ್ಟು ತೋರಿಸಿ, ಟಮಾಕ್ಸಿಫೆನ್ ತಗೊಳ್ಳುತ್ತಿದ್ದರಂತೂ ತಪ್ಪದೆ.